ಕೈ ನೋಡಬ್ಯಾಡ್ರಿ, ಕಿವಿ ನೋಡ್ರಿ

ಕಳೆದ ತಿಂಗಳು ಮೊಮ್ಮಗಳ ನಾಯಿಯನ್ನು ದವಾಖಾನೆಗೆ ಕರೆದುಕೊಂಡು ಹೋಗುವ ಕೆಲಸ ನನ್ನ ತಲೆಗೆ ಬಂತು. ಮೊಮ್ಮಗಳಿಗೆ ಪರೀಕ್ಷೆ, ಸೊಸೆಗೆ ನಾಯಿಯೆಂದರೆ ಸೀನು, ಮಗನಿಗೆ ಊರ ಕೆಲಸಕ್ಕೆಲ್ಲ ಹೊತ್ತಿದೆ, ಮನೆಯ ಕೆಲಸಕ್ಕಿಲ್ಲ. ಬೈರಿದೇವರಕೊಪ್ಪದ ನಮ್ಮ ಮನೆಯ ಮೆಟ್ಟಿಲಿನ ಮೇಲೆ ಜಾರಿ ಬಿದ್ದಾಗಿನಿಂದ ನಾಯಿ ಬೆನ್ನು ಗೂನು ಮಾಡಿಕೊಂಡು ಹಿಂಗಾಲು ಎಳೆಯುತ್ತಿತ್ತು. ಡಾಕ್ಟರು ಇನ್ನೂ ಹುಡುಗ. ಎಕ್ಸ್‌ರೇ ತೆಗೆದು ಎಲುಬು ಮುರಿದಿಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ನಾಯಿಯ ಬೆನ್ನಿನ ಮೇಲೆ ಎರಡೂ ಹೆಬ್ಬೆರಳಿಟ್ಟು ಕತ್ತಿನಿಂದ ಬಾಲದ ತನಕ ಒಂದೊಂದೇ ಗೆಣ್ಣು ಒತ್ತುತ್ತ ಬಂದ.

"ಅಜ್ಜಿ, ಇದು ಹೊಸಾ ಪದ್ಧತಿರಿ. ಗುಳಗಿ ಇಲ್ಲ, ಇಂಜೆಕ್ಷನ್ ಇಲ್ಲ, ಬರೇ ಕೈಲೇ ಸಂದು ಸಡಲ ಮಾಡೂದು. ಇದಕ್ಕಂತನ ಟ್ರೇನಿಂಗ್ ಮಾಡಕೊಂಡ ಬಂದೇನಿ" ಎಂದ.

ನಾನು ಹುಂಗುಟ್ಟಿದೆ. ಹೊಸದು ಎಂದು ಖುಷಿಪಡುವವರ ಮೇಲೆ ತಣ್ಣೀರೆರಚುವ ಚಟ ನನಗೆ ಮೊದಲು ಬಹಳ ಇತ್ತು, ಎಂಬತ್ತು ದಾಟಿದ ಮೇಲೆ ಬಿಟ್ಟಿದ್ದೇನೆ. ಆದರೆ ನನ್ನ ಕಣ್ಣು ತಾನಾಗಿಯೇ ಅವನ ಕೈ ಬಿಟ್ಟು ನಾಯಿಯ ಕಿವಿಯ ಮೇಲೆ ನೆಟ್ಟಿತ್ತು. ನಡುವಿನ ಹತ್ತಿರ ಬೆರಳು ಬಂದಾಗ ಕಿವಿ ಹಿಂದಕ್ಕೆ ಮಡಿಚಿಕೊಂಡಿತು. ಹುಡುಗನ ಹೆಬ್ಬೆರಳೂ ಅಲ್ಲೇ ನಿಂತಿತು. ಕೆಲಸ ಕಲಿತಿದ್ದಾನೆ ಎಂದುಕೊಂಡೆ. ಮರುಕ್ಷಣವೇ ಕಮರಿಪೇಟೆಯ ಒಂದು ಹಿತ್ತಲು, ಕೆಮ್ಮಣ್ಣಿನ ಒಂದು ಪಾತಿ, ಔಡಲ ಎಣ್ಣೆಯ ವಾಸನೆ ಎಲ್ಲ ಒಟ್ಟಿಗೆ ನೆನಪಾದವು. ಅಲ್ಲಿದ್ದ ಒಬ್ಬರ ಬಗ್ಗೆ ಬರೆಯಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹುಬ್ಬಳ್ಳಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ನೌಕರಿ ಸಿಕ್ಕಿತ್ತು. ಅಪ್ಪ ಇರಲಿಲ್ಲ. ಅವ್ವ ನನ್ನ ಜೊತೆ ಬರಲು ಒಪ್ಪಿದಳು, ಆದರೆ ತನ್ನ ಎಮ್ಮೆಯನ್ನು ಬಿಟ್ಟು ಬರಲೊಲ್ಲೆನೆಂದಳು. ಎಮ್ಮೆ ಸಮೇತ ಬಾಡಿಗೆ ಮನೆ ಹುಡುಕುವುದೆಂದರೇನೆಂದು ಹುಡುಕಿದವರಿಗೇ ಗೊತ್ತು. ಹೋದಲ್ಲೆಲ್ಲ ನನ್ನನ್ನು ನೋಡಿ ಹೂಂ ಎಂದವರು ಎಮ್ಮೆಯ ಮಾತು ಬಂದ ಕೂಡಲೇ ಬಾಗಿಲು ಮುಂದೆ ಮಾಡುತ್ತಿದ್ದರು. ಕಮರಿಪೇಟೆಯ ಓಣಿಯೊಂದರಲ್ಲಿ ಮಾತ್ರ, ಕಟ್ಟೆಯ ಮೇಲೆ ಕೂತಿದ್ದ ದಪ್ಪ ಕತ್ತಿನ, ಮುದುರಿದ ಕಿವಿಯ ಒಬ್ಬ ಹಿರಿಯರು ನನ್ನ ಮಾತನ್ನು ಅರ್ಧಕ್ಕೇ ತಡೆದು, "ಮಂದೀನ ಆಮ್ಯಾಲೆ ನೋಡೂಣು, ಮೊದಲ ಎಮ್ಮಿ ತೋರಸ್ರಿ" ಎಂದರು.

ಎಮ್ಮೆ ಬಂತು. ಊರಿಂದ ನಡೆದು ಬರುವಾಗ ಹಳ್ಳದ ಕಲ್ಲಿನ ಮೇಲೆ ಕಾಲು ಜಾರಿ ಅದರ ನಡೆಯಲ್ಲಿ ಏನೋ ಕೊಂಕು ಬಂದಿತ್ತು. ಹಾಲೂ ಕಡಿಮೆಯಾಗಿತ್ತು. ಅವರು ಅದನ್ನು ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಬೇವಿನ ಗಿಡದ ಕೆಳಗೆ ಹದವಾದ ಕೆಮ್ಮಣ್ಣು ಹಾಸಿದ ಉದ್ದನೆಯ ಪಾತಿಯಿತ್ತು. ಅದರ ಮೇಲೆ ಎಮ್ಮೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ನಡೆಸಿ, ಕುಕ್ಕರಗಾಲಲ್ಲಿ ಕೂತು ಮಣ್ಣಿನಲ್ಲಿ ಮೂಡಿದ ಗೊರಸಿನ ಗುರುತು ನೋಡಿದರು. ಯಾವ ಕಾಲು ಆಳಕ್ಕೆ ಊರಿದೆ, ಯಾವುದು ಮೇಲೆ ಮೇಲೆ ತೇಲಿದೆ ಎಂಬುದರ ಮೇಲೆ ಅವರ ಲೆಕ್ಕ. ಆಮೇಲೆ ಅಂಗೈಗೆ ಬೆಚ್ಚನೆಯ ಔಡಲ ಎಣ್ಣೆ, ಎಂದರೆ ಹರಳೆಣ್ಣೆ, ತೀಡಿಕೊಂಡು ಅವ್ವನಿಗೆ, "ಯಾರ ಕೈಯಾಗಿಂದ ಇದು ಹಿಂಡಿ ತಿಂತೈತಿ ಅವರs ತಲಿ ಹಿಡೀಬೇಕು. ನನ್ನ ಕೈ ನೋಡಬ್ಯಾಡ್ರಿ, ಅದರ ಕಿವಿ ನೋಡ್ರಿ. ಕಿವಿ ಹಿಂದ ಹೋತಂದ್ರ ನೋಯಾಕತ್ತೈತಿ ಅಂತ ನನಗ ಹೇಳ್ರಿ" ಎಂದರು.

ಅವ್ವ ಹೇಳಿದಾಗೆಲ್ಲ ಅವರು ಕೈ ತೆಗೆದರು. ಜಾಗ ಬದಲಿಸಿದರು, ಕಾದರು, ಮತ್ತೆ ಇಟ್ಟರು. ಬೆರಳ ಕೆಳಗೆ ಏನು ನಡೆಯುತ್ತಿತ್ತೋ ನನಗೆ ಕಾಣಲಿಲ್ಲ. ಒಮ್ಮೆ ಮಾತ್ರ ಎಮ್ಮೆ ದೊಡ್ಡದಾಗಿ ಉಸಿರುಬಿಟ್ಟು ಬಾಯಾಡಿಸತೊಡಗಿತು. "ಆತು. ಎಂಟ ದಿನ ಇಳಿಜಾರಿನ್ಯಾಗ ಬಿಡಬ್ಯಾಡ್ರಿ" ಎಂದು ಎದ್ದು, ಕುಂಟೆಯಂಥ ಹಲ್ಲುಹಲಗೆಯಿಂದ ಮಣ್ಣು ಹರವಿ ಗುರುತೆಲ್ಲ ಅಳಿಸಿದರು. ಪ್ರತಿ ಪ್ರಾಣಿ ಹೋದ ಮೇಲೂ ಹೀಗೆ ಅಳಿಸುತ್ತಿದ್ದರು. ಮುಂದೆ ಬರುವ ಪ್ರಾಣಿಗೆ ಹಿಂದಿನದರ ನೋವು ತಗಲಬಾರದು ಎನ್ನುವಂತೆ.

ಹೀಗೆ ನಾವು ಅವರ ಮುಂದಿನ ಕೋಣೆಯಲ್ಲಿ ಇಳಿದುಕೊಂಡೆವು. ಓಣಿಯವರಂತೆ ನಾವೂ ಅವರನ್ನು ಕಾಕಾ ಎಂದೆವು, ಅವರ ಹೆಂಡತಿಯನ್ನು ಕಾಕು ಎಂದೆವು. ಅವರು ನನ್ನನ್ನು ಕೊನೆಯ ತನಕ ಅಕ್ಕೋರ ಎಂದೇ ಕರೆದರು. ಸಾಲೆಯ ಮಾಸ್ತರಣಿಗೆ ನಮ್ಮ ಕಡೆ ಅದೇ ಹೆಸರು.

ಕಾಕಾನ ಮರ್ಯಾದೆಯ ಪದ್ಧತಿ ಲೋಕಕ್ಕಿಂತ ಉಲ್ಟಾ. ಟಾಂಗಾದ ಕುದುರೆ ಬಂದರೆ, "ಬರ್ರಿ, ಹಿಂಗ ಬರ್ರಿ, ಕಾಲ ಎತ್ರಿ" ಎನ್ನುವರು. ಅದನ್ನು ಕರೆತಂದ ಟಾಂಗಾದವನಿಗೆ, "ಲೇ, ಆ ಕಡೆ ಸರಿಯಲೇ ಮಂಗ್ಯಾ" ಎನ್ನುವರು. ಕೇಳಿದರೆ, "ಕುದರಿ ದುಡೀತೈತಿ, ಇಂವ ಕುಂತಿರ್ತಾನ. ಯಾರಿಗೆ ಕೊಡಬೇಕ್ರಿ ಮರ್ಯಾದಿ?" ಅವರ ಕೈಗೆ ಮೀರಿದ್ದನ್ನು ಮುಟ್ಟುತ್ತಲೇ ಇರಲಿಲ್ಲ. ಎಲುಬು ಮುರಿದಿದ್ದರೆ, ಜ್ವರ ಬಂದಿದ್ದರೆ, "ಇದು ಸರಕಾರಿ ದವಾಖಾನಿಗೆ ಒಯ್ಯೂದು, ಲಗೂ ನಡೀರಿ" ಎಂದು ಅಟ್ಟುವರು. ಒಮ್ಮೆ ರೈಲ್ವೆ ಕ್ವಾರ್ಟರ್ಸಿನಿಂದ ಗಾರ್ಡ್ ಸಾಹೇಬರ ಹೆಂಡತಿ ಗೇಣುಗಾಲಿನ, ಮಾರುದ್ದ ಮೈಯಿನ ನಾಯಿಯೊಂದನ್ನು ಎತ್ತಿಕೊಂಡು ಬಂದರು. ಅಂಥ ನಾಯಿಯನ್ನು ಕಾಕಾ ಜನ್ಮದಲ್ಲಿ ನೋಡಿರಲಿಲ್ಲ. ಸುತ್ತಲೂ ತಿರುಗಿ ನೋಡಿ, "ಇದನ್ನ ಯಾರೋ ನನಕಿಂತ ಮೊದಲs ಜಗ್ಗಿಬಿಟ್ಟಾರ. ಇನ್ನ ನಾ ಏನ ಜಗ್ಗಲಿ?" ಎಂದರು. ಆ ತಾಯಿಗೆ ಕನ್ನಡ ಬಾರದಿದ್ದುದು ಪುಣ್ಯ. ಆದರೆ ನಾಯಿಯ ಹಿಂದಿನ ಕಾಲಿನಲ್ಲಿ ಜೀವ ಇರಲಿಲ್ಲ. ಕಾಕಾ ಬಹಳ ಹೊತ್ತು ಅದರ ಬೆನ್ನಿನ ಮೇಲೆ ಅಂಗೈ ಇಟ್ಟು ಕೂತರು. ಒತ್ತಲಿಲ್ಲ, ಸುಮ್ಮನೆ ಇಟ್ಟುಕೊಂಡಿದ್ದರು. ನಂತರ ನನ್ನಿಂದ ಹೇಳಿಸಿದರು: ಇದು ನನ್ನ ಕೈಯಲ್ಲಿಲ್ಲ, ಕೆಳಗೇ ಮಲಗಿಸಿ, ಎತ್ತರ ಹತ್ತಿಸಬೇಡಿ. ಅವತ್ತು ರಾತ್ರಿ ಊಟ ಸೇರಲಿಲ್ಲ ಅವರಿಗೆ ಎಂದು ಕಾಕು ಹೇಳಿದರು.

ಮನುಷ್ಯರನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಬೇಡಿಕೊಂಡು ಬರುವವರಿಗೆ ಕಡಿಮೆಯಿರಲಿಲ್ಲ. ಅರಳೆ ಪೇಟೆಯ ದಲಾಲಿಯೊಬ್ಬರು ನಡ ಹಿಡಿದುಕೊಂಡು, ನೆಲ ನೋಡುತ್ತಲೇ ಓಣಿಯ ತುದಿಯಿಂದ ನಡೆದು ಬಂದು, "ಕಾಕಾ, ನನ್ನನ್ನೂ ಒಂದು ಎತ್ತಂತ ತಿಳಕೊಂಡ ಕೈ ಹಚ್ರಿ" ಎಂದರು.

"ಎತ್ತಾಗಿದ್ರ ಹಚ್ಚತಿದ್ನಿ. ನಿನಗ ಬಾಯಿ ಐತಿ."

"ಬಾಯಿ ಇದ್ರ ಛಲೋನ ಆತಲ್ರಿ, ಎಲ್ಲಿ ನೋವು ಅಂತ ಹೇಳತೇನಿ."

"ಹೇಳತಿ. ಖರೇ ಹೇಳತಿಯೋ ಸುಳ್ಳ ಹೇಳತಿಯೋ ನಾ ಹೆಂಗ ತಿಳೀಲಿ? ಹೋಗು, ದವಾಖಾನಿಗೆ ಹೋಗು."

ಓಣಿಯೆಲ್ಲ ನಕ್ಕಿತು, ನಾನೂ ನಕ್ಕೆ. ಕಾಕು ಮಾತ್ರ ನಗಲಿಲ್ಲ. ಒಳಗೆ ಬಂದು ರೊಟ್ಟಿ ಬಡಿಯಲು ಕೂತರು. ನಾನು ಒಲೆಯ ಮುಂದೆ ಕೂತು ಕೇಳಿದ್ದಕ್ಕೆ, ಬಡಿಯುವ ಕೈ ನಿಲ್ಲಿಸದೆ ಹೇಳಿದರು.

ಕಾಕಾ ಮೊದಲು ತಾಲೀಮಿನ ವಸ್ತಾದರು. ತಾಲೀಮು ಎಂದರೆ ಗರಡಿಮನೆ, ವಸ್ತಾದರೆಂದರೆ ಕುಸ್ತಿ ಕಲಿಸುವ ಗುರು. ಪೈಲವಾನರ ಜಾರಿದ ಕೀಲು, ಉಳುಕಿದ ನಡ ಎಲ್ಲವನ್ನೂ ವಸ್ತಾದರೇ ಕೂಡಿಸುವುದು ರೂಢಿ. ಕಾಕಾನ ಕೈಗುಣಕ್ಕೆ ಧಾರವಾಡದಿಂದಲೂ ಜನ ಬರುತ್ತಿದ್ದರಂತೆ. ಅವರ ತಾಲೀಮಿಗೆ ಒಂದು ಕಟ್ಟುನಿಟ್ಟು ಇತ್ತು: ಕಾಲಿನ ಚಪ್ಪಲಿ ಹೊರಗೆ, ನೋವು ಅನ್ನುವ ಮಾತೂ ಹೊರಗೆ. ಒಳಗೆ ಯಾರಾದರೂ ನೋವು ಎಂದರೆ ಮೈ ಬೆವತು ನೀರಾಗುವ ತನಕ ಬೈಠಕ್ ಹೊಡೆಯಬೇಕು. ಹುಡುಗರು ತುಟಿ ಕಚ್ಚುವುದನ್ನು ಪಟ್ಟುಗಳಿಗಿಂತ ಮೊದಲು ಕಲಿಯುತ್ತಿದ್ದರು.

ಅವರಲ್ಲಿ ಶಿರಗುಪ್ಪಿಯ ಒಕ್ಕಲಿಗರ ಹುಡುಗ ಫಕೀರಪ್ಪ ಎಂಬುವನು ಕಾಕಾನ ಕಣ್ಣಿನ ಗೊಂಬೆ. ಮಕ್ಕಳಿಲ್ಲದ ಕಾಕು ಅವನ ಪಾಲಿನ ಹಾಲಿಗೆ ಒಂದು ಹಿಡಿ ಬಾದಾಮಿ ಹೆಚ್ಚಿಗೆ ಅರೆಯುತ್ತಿದ್ದರು. ಒಂದು ದೊಡ್ಡ ಕುಸ್ತಿ ಹತ್ತಿರ ಬಂದಿದ್ದಾಗ ಅಭ್ಯಾಸದಲ್ಲಿ ಅವನ ಬಲಹೆಗಲು ಜಾರಿತು. ಕಾಕಾ ಎಂದಿನಂತೆ ಕಂಕುಳಿಗೆ ಹಿಮ್ಮಡಿ ಕೊಟ್ಟು ತೋಳು ಜಗ್ಗಿದರು. ನೋವಾಯಿತೇನೋ ಎಂದು ಕೇಳಿದರು. ಇಲ್ರಿ ವಸ್ತಾದ್ರ ಎಂದ. ಮತ್ತೊಮ್ಮೆ ಜೋರಾಗಿ ಜಗ್ಗಿದರು. ಆಗಲೂ ಇಲ್ಲ ಎಂದ. ಸಂಜೆಗೆ ಕೈ ತಣ್ಣಗಾಗಿ ಜೋತುಬಿತ್ತು. ಒಳಗೆ ಎಲುಬೂ ಒಡೆದಿತ್ತು, ಜಗ್ಗಿದ್ದಕ್ಕೆ ನರ ಹರಿದಿದೆ ಎಂದರು ದೊಡ್ಡ ದವಾಖಾನೆಯವರು. ಆ ಕೈ ಮತ್ತೆ ಮೇಲೇಳಲಿಲ್ಲ.

"ಮರದಿನಾನ ತಾಲೀಮಿನ ಕೀಲಿಕೈ ಬ್ಯಾರೇದವರಿಗೆ ಕೊಟ್ಟ ಬಂದ್ರು" ಎಂದರು ಕಾಕು. "ಅಲ್ಲಿ ಮಣ್ಣಷ್ಟು ತಂದು ಹಿತ್ತಲದಾಗ ಹಾಸಿದ್ರು. ಅವತ್ತಿನಿಂದ ಮನಶ್ಯಾರ್ನ ಮುಟ್ಟಿಲ್ಲ. ಒಂದs ಮಾತು ಇವರನ್ನ ತಿಂತೈತಿ ಅಕ್ಕೋರ. ಆ ಹುಡುಗಗ ಖರೇನ ನೋವಾಗಿರಲಿಲ್ಲೋ, ಇಲ್ಲಾ ಇವರು ಕಲಿಸಿದ್ದಕ್ಕ ಬಾಯಿ ಮುಚಗೊಂಡಿದ್ನೋ. ಅಂವ ಬಂದ್ರ ಕೇಳತೇನಿ ಅಂತಾರ. ಅಂವ ಬರಂಗಿಲ್ಲ."

"ಇವರs ಹೋಗಿ ಕೇಳಬಹುದಲ್ರಿ. ಶಿರಗುಪ್ಪಿ ಏನ ಕಾಶಿಯಷ್ಟು ದೂರ ಐತೇನು?"

"ಹೋಗಾಕ ಕಾಲ ಅದಾವ್ರಿ. ಯಾವ ಮಾರಿ ಹೊತಗೊಂಡ ಹೋಗೂದು?"

ರೊಟ್ಟಿ ಹಂಚಿನ ಮೇಲೆ ಹೊತ್ತಿತು. ಕಾಕು ಅದನ್ನು ತೆಗೆದು ಎಮ್ಮೆಯ ಪಾಲಿಗೆ ಬದಿಗಿಟ್ಟರು. ನಾನು ಆಗ ಹೊಸ ಮಾಸ್ತರಣಿ. ಪ್ರತಿ ಪ್ರಶ್ನೆಗೂ ಒಂದು ಉತ್ತರ ಇರುತ್ತದೆ, ಉತ್ತರ ಸಿಕ್ಕರೆ ಮನಸ್ಸು ಹಗುರಾಗುತ್ತದೆ ಎಂದೇ ನಂಬಿದ್ದೆ. ಫಕೀರಪ್ಪ ಒಮ್ಮೆ ಬಂದರೆ ಸಾಕು ಎಂದು ನಾನೂ ಕಾಯತೊಡಗಿದೆ.

ಅವನು ಬಂದ. ಕೆಲವು ವರ್ಷವಾದ ಮೇಲೆ, ಒಂದು ಮಳೆಗಾಲದ ಭಾನುವಾರ. ಅವ್ವ ಪಡಸಾಲೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದಳು, ನಾನು ಹಿತ್ತಲ ಕಟ್ಟೆಯ ಮೇಲೆ ಮಕ್ಕಳ ಶುದ್ಧಬರಹ ತಿದ್ದುತ್ತಿದ್ದೆ. ಹಿಂದಿನ ಬಾಗಿಲಲ್ಲಿ ಯಾರೋ, "ವಸ್ತಾದ್ರ" ಎಂದರು. ಆ ಹೆಸರಿನಿಂದ ಆ ಮನೆಯಲ್ಲಿ ಯಾರೂ ಅವರನ್ನು ಕರೆಯುತ್ತಿರಲಿಲ್ಲ. ಕಾಕಾನ ಕೈಯಲ್ಲಿದ್ದ ಎಣ್ಣೆಯ ಬಟ್ಟಲು ಅಲ್ಲೇ ನಿಂತಿತು.

ಬಾಗಿಲಲ್ಲಿ ಅಗಲ ಎದೆಯ ಒಬ್ಬ ರೈತ. ಬಲತೋಳು ಅಂಗಿಯೊಳಗೆ ಸೊರಗಿ ಜೋತಿತ್ತು, ಎಡಗೈಯಲ್ಲಿ ಎತ್ತಿನ ಹಗ್ಗ. ಎರೆಹೊಲದ ಕೆಸರಿನಲ್ಲಿ ಜಾರಿ ಎತ್ತಿನ ಚಪ್ಪೆ, ಹಿಂಗಾಲಿನ ಮೇಲಿನ ಕೀಲು, ತಪ್ಪಿದೆ, ಬಿತ್ತುವ ಹೊತ್ತು, ಎಲ್ಲರೂ ಇಲ್ಲಿಗೇ ಬಾ ಎಂದರು ಎಂದು ಎತ್ತಿನ ಕೋಡು ನೋಡುತ್ತ ಹೇಳಿದ. ಕಾಕಾ ಅವನಿಗೆ ಬಾ ಎನ್ನಲಿಲ್ಲ, ಕೂಡು ಎನ್ನಲಿಲ್ಲ. ಎತ್ತಿಗೆ, "ಬರ್ರಿ" ಎಂದರು.

ಮಣ್ಣಿನ ಮೇಲೆ ಫಕೀರಪ್ಪನೇ ಎತ್ತನ್ನು ನಡೆಸಿದ. ಕಾಕಾ ಗುರುತು ನೋಡಿದರು. ಅವನು ಎಡಗೈಯಲ್ಲಿ ಮೂಗುದಾಣ ಹಿಡಿದು ಎತ್ತಿನ ತಲೆಯನ್ನು ಎದೆಗೆ ಒರಗಿಸಿಕೊಂಡ.

"ನನ್ನ ಕೈ ನೋಡಬ್ಯಾಡ. ಕಿವಿ ನೋಡು" ಎಂದರು ಕಾಕಾ. "ನೋವಾದ್ರ ಹೇಳು."

ಅವರ ಬೆರಳು ಚಪ್ಪೆಯ ಮೇಲೆ ಬಂದವು. ಸ್ವಲ್ಪ ಹೊತ್ತಿಗೆ ಫಕೀರಪ್ಪ, "ನೋಯಾಕತ್ತೈತ್ರಿ" ಎಂದ. ಕಾಕಾ ಕೆಂಡ ಮುಟ್ಟಿದವರಂತೆ ಕೈ ತೆಗೆದರು. ಮತ್ತೆ ಇಟ್ಟರು. "ನೋಯಾಕತ್ತೈತ್ರಿ ವಸ್ತಾದ್ರ." ಮತ್ತೆ ತೆಗೆದರು. ತನ್ನದಕ್ಕೆ ಎಂದೂ ಆಡದ ಮಾತನ್ನು ಎತ್ತಿಗಾಗಿ ಅವನು ಎಷ್ಟು ಸಲೀಸಾಗಿ ಆಡುತ್ತಿದ್ದಾನೆ ಎಂದು ನನಗೆ ಅಳು ಬಂತು. ಕಡೆಗೆ ಸಂದು ಸಡಿಲಾಗಿ, ಎತ್ತು ಮೈ ಕೊಡವಿ, ಭಾರವನ್ನು ನಾಲ್ಕೂ ಕಾಲಿನ ಮೇಲೆ ಹಾಕಿ ನಿಂತಿತು.

ಕಾಕಾ ಕೈ ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಫಕೀರ್ಯಾ."

"ಯಾಕ್ರಿ?"

"ಅವತ್ತು... ನಿನಗ ನೋವಾಗಿತ್ತೇನು?"

ಪಡಸಾಲೆಯಲ್ಲಿ ಅವ್ವನ ಕಡಗೋಲಿನ ಸದ್ದು ನಿಂತಿತು. ಫಕೀರಪ್ಪ ಗುರುವಿನ ಮುಖವನ್ನು ಮೊದಲ ಸಲ ನೇರವಾಗಿ ನೋಡಿದ. ನಗುಮುಖ ಮಾಡಿದ.

"ಇಲ್ರಿ ವಸ್ತಾದ್ರ. ಒಂದೀಟೂ ನೋವಾಗಿರಲಿಲ್ರಿ. ನನ್ನ ನಶೀಬ ಅದು. ನೀವೇನ ಮಾಡ್ತೀರಿ?"

ಬಗ್ಗಿ ಎಡಗೈಯಿಂದ ಅವರ ಕಾಲು ಮುಟ್ಟಿದ. ಕಾಕು ತಂದುಕೊಟ್ಟ ಹಾಲನ್ನು ನಿಂತೇ ಕುಡಿದು, ಎತ್ತನ್ನು ಹೊಡೆದುಕೊಂಡು ಹೋದ. ಅವನು ಓಣಿ ದಾಟುವ ತನಕ ಕಾಕಾ ಬಾಗಿಲಲ್ಲೇ ಇದ್ದರು. ಹಗುರಾದರು ಎಂದು ನಾನು ತಿಳಿದೆ. ಬಾಯಿಬಿಟ್ಟು ಹೇಳಿಯೂ ಬಿಟ್ಟೆ: "ಛಲೋ ಆತಲ್ರಿ ಕಾಕಾ. ನೋವಾಗಿರಲಿಲ್ಲಂತ."

ಅವರು ಪಾತಿಯ ಹತ್ತಿರ ಕೂತು ನನ್ನನ್ನು ಕರೆದರು. ಕೆಮ್ಮಣ್ಣಿನಲ್ಲಿ ಎತ್ತಿನ ಗೊರಸಿನ ಪಕ್ಕದಲ್ಲೇ ಫಕೀರಪ್ಪನ ಬರಿಗಾಲಿನ ಗುರುತೂ ಮೂಡಿತ್ತು. ಎಡಗಾಲು ಆಳ, ಬಲಗಾಲು ತೇಲ. ಸತ್ತ ಕೈಯನ್ನು ಹೊತ್ತು ಹೊತ್ತು ಅವನ ಮೈಯೆಲ್ಲ ಒಂದು ಮಗ್ಗುಲಿಗೆ ವಾಲಿತ್ತು.

"ಸುಳ್ಳ ಹೇಳಿದಾ ಅಕ್ಕೋರ" ಎಂದರು.

"ನಿಮಗ ಹೆಂಗ ಗೊತ್ತರಿ?"

"ಅವತ್ತs ಗೊತ್ತಿತ್ತು. ಕೈಗೆ ಗೊತ್ತಾಗದ ಇರತೈತೇನ್ರಿ? ನಾ ಜಗ್ಗಿದಾಗ ಅವನ ಮೈ ಬಿಗದು ಕಟಗಿ ಆತು. ಮೈ ಬ್ಯಾಡ ಬ್ಯಾಡ ಅಂತಿತ್ತು, ಬಾಯಿ ಇಲ್ರಿ ಅಂತು. ನಾ ಬಾಯಿ ಮಾತು ಕೇಳಿದೆ. ನನ್ನ ತಾಲೀಮಿನ ಹುಡುಗ ನೋವು ಅನ್ನಲಿಲ್ಲಲಾ ಅಂತ ಎದಿ ಉಬ್ಬಿ ಬಂತು ನನಗ. ಆ ಜಂಬದಾಗ ಇನ್ನೊಮ್ಮೆ ಜಗ್ಗಿದೆ."

ಇಷ್ಟು ವರ್ಷ ಅವರು ಕಾಯುತ್ತಿದ್ದುದು ಉತ್ತರಕ್ಕಲ್ಲ ಎಂದು ಆಗ ಹೊಳೆಯಿತು. ಉತ್ತರ ಅವರ ಅಂಗೈಯಲ್ಲೇ ಇತ್ತು. ಹುಡುಗ ಒಮ್ಮೆ ಬೈದಿದ್ದರೆ, ಒಮ್ಮೆ ಅತ್ತಿದ್ದರೆ ಅವರಿಗೆ ಉಸಿರಾಡಲು ಆಗುತ್ತಿತ್ತೇನೋ. ಅವನು ಪ್ರೀತಿಯಿಂದ ಸುಳ್ಳು ಹೇಳಿ, ಇವರು ಕಲಿಸಿದ ಪಾಠವನ್ನೇ ಇವರ ಕಾಲ ಬಳಿ ಇಟ್ಟು ಹೋಗಿದ್ದ.

"ಸಾಲ್ಯಾಗ ಹುಡುಗ್ಯಾರು ಬಿದ್ದು ಅತ್ರ ನೀವೇನಂತೀರಿ?" ಎಂದು ಕಾಕಾ ಕೇಳಿದರು.

"ಶಾಣ್ಯಾಕಿ ಅಲ್ಲೇನವಾ, ಅಳಬ್ಯಾಡ ಅಂತೇನ್ರಿ."

"ಇನ್ನ ಅನಬ್ಯಾಡ್ರಿ."

ಅವತ್ತು ಅವರು ಮಣ್ಣು ಹರವಲಿಲ್ಲ. ಎರಡು ದಿನ ಬೇರೆ ಪ್ರಾಣಿ ಬಂದರೆ ಓಣಿಯಲ್ಲೇ ನಡೆಸಿ ನೋಡಿದರು. ಕಡೆಗೆ ಮಳೆ ಬಂದು ಗುರುತೆಲ್ಲ ಕರಗಿದವು. ನಾನು ಮಾತ್ರ ಅವರ ಮಾತು ಮೀರಲಿಲ್ಲ. ನೌಕರಿ ಮುಗಿಯುವ ತನಕ, ಮೊಣಕಾಲು ತರಚಿಕೊಂಡು ಬಂದ ಹುಡುಗಿಯರನ್ನೆಲ್ಲ ಹತ್ತಿರ ಕೂಡಿಸಿಕೊಂಡು ಎಲ್ಲಿ ನೋಯಾಕತ್ತೈತಿ ಎಂದೇ ಕೇಳಿದೆ. ಅಕ್ಕೋರ ವರ್ಗದಲ್ಲಿ ಗದ್ದಲ ಜಾಸ್ತಿ ಎಂದು ಹೆಡ್‌ಮಾಸ್ತರು ಗೊಣಗುತ್ತಿದ್ದರು.

ಆಮೇಲೆ ನನಗೆ ಧಾರವಾಡಕ್ಕೆ ವರ್ಗವಾಯಿತು, ಮದುವೆಯಾಯಿತು. ಆ ದಶಕ ಮುಗಿಯುವ ಮೊದಲೇ ಕಾಕಾ ಹೋದರು. ಸುದ್ದಿ ನನಗೆ ತಡವಾಗಿ ಮುಟ್ಟಿತು. ಹೋದಾಗ ಮಣ್ಣು ಮಾಡಿ ವಾರವಾಗಿತ್ತು. ಕಾಕು ಹಿತ್ತಲ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಕಡೆಯ ದಿನಗಳಲ್ಲಿ ಎದೆನೋವು ಬಹಳ ಇತ್ತು, ನೋಯುತ್ತದೆ ಎಂದು ಬಾಯಿಬಿಟ್ಟು ಅನ್ನುತ್ತಿದ್ದರು, ಮುಚ್ಚಿಡಲಿಲ್ಲ ಎಂದು ಹೇಳಿದರು. ಮಣ್ಣಿನ ದಿನ ಫಕೀರಪ್ಪ ಬಂದಿದ್ದನಂತೆ. ಎಲ್ಲರೂ ಹೋದ ಮೇಲೂ ಹೋಗದೆ ಇದೇ ಕಟ್ಟೆಯ ಕೆಳಗೆ ಕೂತಿದ್ದನಂತೆ.

"ಯವ್ವಾ, ಅವತ್ತ ನಾ ವಸ್ತಾದ್ರಿಗೆ ಸುಳ್ಳ ಹೇಳಿದ್ನಿ" ಎಂದನಂತೆ. "ಜೀವ ಹೋಗೂವಷ್ಟು ನೋವಾಗಿತ್ತು. ಖರೇ ಹೇಳಿದ್ರ ಅವರಿಗೆ ಸಂಕಟ ಆಕ್ಕೈತಿ ಅಂತ ತಾಲೀಮಿನ್ಯಾಗೂ ಸುಳ್ಳ ಹೇಳಿದ್ನಿ, ಎತ್ತ ತಂದಾಗೂ ಸುಳ್ಳ ಹೇಳಿದ್ನಿ."

"ಅವರಿಗೆ ಗೊತ್ತಿತ್ತಪಾ" ಎಂದರಂತೆ ಕಾಕು.

"ಗೊತ್ತಿದ್ರ ಮತ್ತ್ಯಾಕ ಕೇಳಿದ್ರು?"

"ನೀ ಅನ್ನಲಿ ಅಂತ."

ಫಕೀರಪ್ಪ ಎದ್ದು ಹೋಗಿ ಆ ಕೆಮ್ಮಣ್ಣಿನ ಮೇಲೆ ಕೂತ. ದೊಡ್ಡ ದನಿ ತೆಗೆದು, ನೋವಾಗಿತ್ರಿ ವಸ್ತಾದ್ರ, ಭಾಳ ನೋವಾಗಿತ್ರಿ ಎಂದು ಸಣ್ಣ ಹುಡುಗರಂತೆ ಅತ್ತ. ಕಾಕು ಅವನಿಗೆ ಸುಮ್ಮನಿರು ಎನ್ನಲಿಲ್ಲವಂತೆ.